ಜೀವಶಾಸ್ತ್ರದ ಪದವೀಧರರೂ ಗಂಗಾವತಿ ಸೀಮೆಯ ಒಕ್ಕಲುತನವೂ

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಗ್ರಾಮಗಳಲ್ಲಿ ವಿಜ್ಞಾನದ ಪದವಿ ಪಡೆದ ಹುಡುಗನಾಗಲಿ ಹುಡುಗಿಯಾಗಲಿ ಇಲ್ಲದ ಊರು ಈಗ ವಿರಳವೆಂದೇ ಹೇಳಬೇಕು. ಇವರಲ್ಲಿ ಅನೇಕರು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಎಂಬ ವಿಷಯಗಳನ್ನು ಓದಿ ಬಿ.ಎಸ್‌ಸಿ. ಎನಿಸಿಕೊಂಡವರು. ಪದವಿಪತ್ರವು ಕೈಗೆ ಬಂದ ಮರುದಿನವೇ ಮನೆಯ ಹಿರಿಯರಿಗೆ ಒಂದು ಚಿಂತೆ ಹುಟ್ಟುತ್ತದೆ. ಹೊಲದ ಮೇಲೆ ಸಾಲ ತೆಗೆದು ಓದಿಸಿದ್ದಾಯಿತು. ಇನ್ನು ಮುಂದೆ ಇವನು ಮಾಡುವುದೇನು? ಮಗನು ಬೆಂಗಳೂರಿಗೆ ಹೋಗಿ ಓದಿಗೆ ಸಂಬಂಧವಿಲ್ಲದ ಚಾಕರಿ ಹಿಡಿಯುವುದೋ, ಮನೆಯಲ್ಲಿಯೇ ಕುಳಿತು ವರುಷಗಟ್ಟಲೆ ಪರೀಕ್ಷೆಗಳ ದಾರಿ ಕಾಯುವುದೋ, ಇವೆರಡರ ಹೊರತು ಮೂರನೆಯ ದಾರಿಯಿಲ್ಲವೆಂಬ ಭಾವನೆಯು ನಮ್ಮ ಗ್ರಾಮಗಳಲ್ಲಿ ಬೇರೂರಿದೆ. ಊರಿನ ಗೌಡರ ಬಳಿಗೂ ದೊಡ್ಡ ಜಮೀನುದಾರರ ಬಳಿಗೂ ಇಂಥ ತಂದೆತಾಯಿಗಳು ಸಲಹೆ ಕೇಳಿ ಬರುವುದು ವಾಡಿಕೆಯಾದುದರಿಂದ ಈ ಪಾಠವನ್ನು ಅವರಿಗಾಗಿಯೇ ಬರೆಯಲಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕೃಷಿ ವಿಶ್ವವಿದ್ಯಾನಿಲಯವು ಕೊಡುವ ಬಿ.ಎಸ್‌ಸಿ. ಕೃಷಿ ಪದವಿ ಬೇರೆ. ಗಂಗಾವತಿಯ ಅಥವಾ ಕೊಪ್ಪಳದ ಸಾಮಾನ್ಯ ಕಾಲೇಜಿನಲ್ಲಿ ದೊರೆಯುವ ಜೀವಶಾಸ್ತ್ರದ ಬಿ.ಎಸ್‌ಸಿ. ಪದವಿ ಬೇರೆ. ಮೊದಲನೆಯದು ನಾಲ್ಕು ವರುಷದ್ದು. ಕೃಷಿ ಇಲಾಖೆಯ ಕೃಷಿ ಅಧಿಕಾರಿಯ ಹುದ್ದೆಗೆ ಅಂಥ ವೃತ್ತಿ ಪದವಿಯೇ ಬೇಕು. ಎರಡನೆಯದನ್ನು ಓದಿದವನು “ನಾನೂ ಬಿ.ಎಸ್‌ಸಿ.ಯೇ” ಎಂದು ಆ ಹುದ್ದೆಗೆ ಅರ್ಜಿ ಹಾಕಿದರೆ ಶುಲ್ಕವೂ ಕಾಲವೂ ವ್ಯರ್ಥ. ಆದುದರಿಂದ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಒಕ್ಕಲುತನದ ಕುಟುಂಬದವರಿಗಾಗಿಯೇ ಕೃಷಿ ಪದವಿಯಲ್ಲಿ ಮೀಸಲಿಟ್ಟ ಸ್ಥಾನಗಳುಂಟೆಂಬುದನ್ನೂ, ಅದಕ್ಕೆ ಬರವಣಿಗೆಯ ಪರೀಕ್ಷೆಯಲ್ಲದೆ ಪ್ರಾಯೋಗಿಕ ಪರೀಕ್ಷೆಯೂ ನಡೆಯುವುದೆಂಬುದನ್ನೂ ಮುಂಚಿತವಾಗಿ ತಿಳಿಸಿರಿ. ಪದವಿ ಮುಗಿದ ಮೇಲೆ ಈ ಮಾತು ತಿಳಿದು ಪ್ರಯೋಜನವಿಲ್ಲ.

ಆದರೆ ಎರಡನೆಯ ಪದವಿಯು ಕೆಲಸಕ್ಕೆ ಬಾರದ್ದೆಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ನಮ್ಮ ನಾಡಿನ ಬೇಸಾಯದ ಚರಿತ್ರೆಯನ್ನು ನೋಡಿದರೆ, ಜೀವಶಾಸ್ತ್ರವನ್ನು ಓದಿ ಬಂದವರು ಒಕ್ಕಲಿಗರಿಗೆ ಮಾಡಿದ ಉಪಕಾರವು ಎದ್ದು ಕಾಣುತ್ತದೆ. ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ ಎಂಬವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟಗಳ ಮತ್ತು ಶಿಲೀಂಧ್ರಗಳ ತಜ್ಞರಾಗಿ ಬಂದರು. ಆಗ ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಅಡಕೆಯ ಕಾಯಿಗಳು ಕೊಳೆತು ಉದುರುತ್ತಿದ್ದವು. ಅದಕ್ಕೆ ದೇವರ ಕೋಪವೆಂದೂ ಗಾಳಿಯ ದೋಷವೆಂದೂ ಜನರು ಕಾರಣ ಹೇಳುತ್ತಿದ್ದರು. ಕೋಲ್ಮನ್ನರು ಕೊಳೆತ ಕಾಯಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ರೋಗವನ್ನು ತರುವ ಸೂಕ್ಷ್ಮಜೀವಿಯನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಮಳೆ ಹಿಡಿಯುವ ಮುಂಚೆಯೇ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ನೂರು ವರುಷಗಳ ಮೇಲಾದರೂ ಆ ದ್ರಾವಣವು ಇಂದಿಗೂ ಅಡಕೆ ತೋಟಗಳಲ್ಲಿ ನಡೆಯುತ್ತಿದೆ. ಕೋಲ್ಮನ್ನರೇ ಮುಂದೆ ಆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಹಾಗೆಯೇ ಕರ್ನಾಟಕದ ತೋಟಗಾರಿಕೆ ಇಲಾಖೆಯನ್ನು ಕಟ್ಟಿ ಬೆಳೆಸಿದ ಡಾಕ್ಟರ್ ಎಂ. ಎಚ್. ಮರಿಗೌಡರು ಓದಿದ್ದು ಸಸ್ಯಶಾಸ್ತ್ರವನ್ನು. ಇವರಂಥವರು ಎಲ್ಲ ಊರುಗಳಲ್ಲಿಯೂ ಹುಟ್ಟುವರೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಗಿಡದ ಒಳಗೆ ನಡೆಯುವುದನ್ನು ಬಲ್ಲವನಿಗೆ ಒಕ್ಕಲುತನದಲ್ಲಿ ಯಾವಾಗಲೂ ಸ್ಥಾನವುಂಟೆಂಬುದಷ್ಟೇ ಹೇಳಬೇಕಾದ ಮಾತು.

ನಮ್ಮ ಸೀಮೆಯಲ್ಲಂತೂ ಅಂಥವನ ಅವಶ್ಯಕತೆಯು ಬಹಳ. ತುಂಗಭದ್ರಾ ಯೋಜನೆಗೆ 1945ರಲ್ಲಿ ಅಡಿಗಲ್ಲನ್ನಿಟ್ಟು 1953ರಲ್ಲಿ ನೀರು ಬಿಟ್ಟಂದಿನಿಂದ ಗಂಗಾವತಿಯ ಭಾಗವು ಜೋಳ, ಹತ್ತಿಗಳನ್ನು ಬಿಟ್ಟು ಭತ್ತದ ಕಣಜವೆಂದು ಹೆಸರಾಯಿತು. ಎಡದಂಡೆ ಕಾಲುವೆಯ ಕೆಳಗೆ ಕಣ್ಣು ಹಾಯುವವರೆಗೂ ಒಂದೇ ಪೈರು. ಒಂದೇ ಪೈರು ಇರುವ ಕಡೆಗೆ ಅದರ ಹುಳವೂ ರೋಗವೂ ಸೇರುವುದು ಸೃಷ್ಟಿಯ ನಿಯಮ. ಬೆಂಕಿರೋಗ, ಕಂದು ಜಿಗಿಹುಳು, ಕಾಂಡಕೊರಕ, ದುಂಡಾಣು ಎಲೆ ಅಂಗಮಾರಿ ಎಂಬ ಹೆಸರುಗಳನ್ನು ಕೇಳದ ಒಕ್ಕಲಿಗನು ಇಲ್ಲಿಲ್ಲ. ಆದರೆ ಗದ್ದೆಯಲ್ಲಿ ಎಲೆ ಕೆಂಪಾದಾಗ ಇದು ಯಾವುದೆಂದು ನಿರ್ಣಯಿಸುವವರು ಯಾರು? ಹೆಚ್ಚಿನ ಒಕ್ಕಲಿಗರು ಒಂದು ಹಿಡಿ ಎಲೆಯನ್ನು ಕಿತ್ತುಕೊಂಡು ಗೊಬ್ಬರದಂಗಡಿಗೆ ಹೋಗುತ್ತಾರೆ. ಅಂಗಡಿಯಲ್ಲಿ ಕುಳಿತವನು ಆ ದಿನ ಯಾವ ಡಬ್ಬಿಯು ಖರ್ಚಾಗಬೇಕಾಗಿದೆಯೋ ಅದನ್ನು ಕೊಡುತ್ತಾನೆ. ಒಂದರ ಬದಲು ಎರಡು ಮೂರನ್ನು ಕೂಡಿಸಿ ಕೊಡುವುದೂ ಉಂಟು.

ಇದರಿಂದ ಆಗುವ ಹಾನಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬೆಂಕಿರೋಗವು ಶಿಲೀಂಧ್ರದಿಂದ ಬರತಕ್ಕದ್ದು. ಎಲೆ ಅಂಗಮಾರಿಯು ದುಂಡಾಣುವಿನಿಂದ ಬರತಕ್ಕದ್ದು. ಶಿಲೀಂಧ್ರವನ್ನು ಕೊಲ್ಲುವ ಔಷಧಿಯು ಸಾಮಾನ್ಯವಾಗಿ ದುಂಡಾಣುವಿಗೆ ತಾಗದು. ಎರಡರಲ್ಲಿಯೂ ಎಲೆಯು ಒಣಗುವುದರಿಂದ ದೂರದಿಂದ ನೋಡಿದವನಿಗೆ ಭೇದ ತಿಳಿಯದು. ಸಸ್ಯಶಾಸ್ತ್ರ ಓದಿದವನು ಮಾಡುವ ಪರೀಕ್ಷೆಯು ಅತಿ ಸುಲಭ. ರೋಗ ತಗುಲಿದ ಎಲೆಯನ್ನು, ಹಸಿರು ಭಾಗವೂ ಒಣಗಿದ ಭಾಗವೂ ಕೂಡುವ ಸ್ಥಳದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಬೇಕು. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆಯು ನೀರಿಗೆ ಇಳಿದರೆ ಅದು ದುಂಡಾಣು. ಇಳಿಯದಿದ್ದರೆ, ಎಲೆಯ ಮೇಲೆ ಕದಿರಿನ ಆಕಾರದ, ನಡುವೆ ಬೂದಿಬಣ್ಣದ ಚುಕ್ಕೆಗಳಿವೆಯೇ ಎಂದು ನೋಡಬೇಕು, ಇದ್ದರೆ ಬೆಂಕಿರೋಗ. ಎರಡೂ ಇಲ್ಲದೆ ನಾಟಿಯಾದ ಎರಡು ಮೂರು ವಾರಗಳಲ್ಲಿ ಎಲೆಗೆ ತುಕ್ಕಿನ ಬಣ್ಣ ಬಂದಿದ್ದರೆ ಸತುವಿನ ಕೊರತೆಯನ್ನು ಸಂಶಯಿಸಬೇಕು; ಆಗ ರೋಗದ ಔಷಧಿಯೇ ಬೇಕಾಗಿಲ್ಲ. ಒಂದು ಲೋಟ ನೀರಿನಿಂದ ತಿಳಿಯುವ ಈ ವಿಷಯವು ತಿಳಿಯದೆ ಎಕರೆಗೆ ಸಾವಿರಾರು ರೂಪಾಯಿ ಸುರಿದವರು ನಮ್ಮಲ್ಲಿ ಎಷ್ಟು ಜನ!

ಕಂದು ಜಿಗಿಹುಳುವಿನ ಸಂಗತಿಯು ಇನ್ನೂ ಬೋಧಪ್ರದವಾದುದು. ಈ ಕೀಟವು ಪೈರಿನ ಬುಡದಲ್ಲಿ, ನೀರಿಗೆ ಸಮೀಪವಾಗಿ ಕುಳಿತು ರಸವನ್ನು ಹೀರುವುದು. ಮೇಲಿನ ಎಲೆಗಳಿಗೆ ಔಷಧಿ ಹೊಡೆದರೆ ಬುಡದ ಹುಳವು ಹಾಗೆಯೇ ಉಳಿದು, ಅದನ್ನು ತಿನ್ನುವ ಜೇಡಗಳೂ ಮಿರಿಡ್ ತಿಗಣೆಗಳೂ ಸಾಯುತ್ತವೆ. ಯೂರಿಯಾ ಅತಿಯಾದರೆ ಪೈರು ಮೆತ್ತಗಾಗಿ ಹುಳಕ್ಕೆ ಹಬ್ಬ. ಸಿಂತೆಟಿಕ್ ಪೈರಿಥ್ರಾಯ್ಡ್ ಜಾತಿಯ ಔಷಧಿಗಳನ್ನು ಹೊಡೆದ ಬಳಿಕ ಜಿಗಿಹುಳುವು ಮೊದಲಿಗಿಂತ ಹೆಚ್ಚುವುದೆಂಬುದು ಶಾಸ್ತ್ರಜ್ಞರು ಕಂಡ ಮಾತು. ಪ್ರಾಣಿಶಾಸ್ತ್ರವನ್ನು ಓದಿದ ಹುಡುಗನಿಗೆ ರಸ ಹೀರುವ ಬಾಯಿಗೂ ಎಲೆ ಕಡಿಯುವ ಬಾಯಿಗೂ ಇರುವ ಭೇದವು ಮೊದಲ ವರುಷದ ಪಾಠ. ಆ ಪಾಠವನ್ನು ಗದ್ದೆಗೆ ಇಳಿಸಿ ಓದಿಸುವವರಿಲ್ಲದೆ ಅದು ಪುಸ್ತಕದಲ್ಲಿಯೇ ಉಳಿದಿದೆ.

ಔಷಧಿ ಅಂಗಡಿ

ಈ ಕಾರಣಕ್ಕಾಗಿಯೇ ಸರಕಾರವು 2015ರಲ್ಲಿ ಕೀಟನಾಶಕಗಳ ನಿಯಮಗಳನ್ನು ತಿದ್ದಿ, ಬೆಳೆಯ ಔಷಧಿಯನ್ನು ಮಾರುವವನಿಗೆ ವಿದ್ಯಾರ್ಹತೆ ಇರಬೇಕೆಂದು ವಿಧಿಸಿತು. ಕೃಷಿ ಪದವೀಧರರಲ್ಲದೆ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ, ಜೀವವಿಜ್ಞಾನ ಓದಿದವರೂ, ರಸಾಯನಶಾಸ್ತ್ರ ಅಥವಾ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರವುಳ್ಳ ವಿಜ್ಞಾನ ಪದವೀಧರರೂ ಈ ಪರವಾನಗಿಗೆ ಅರ್ಹರು. ಹಳೆಯ ಅಂಗಡಿಕಾರರಿಗೆ ಬೇರೆಯಾಗಿ ತರಬೇತಿಯ ಪಾಠಕ್ರಮಗಳನ್ನು ಏರ್ಪಡಿಸಲಾಯಿತು. ಹೊಸದಾಗಿ ಅಂಗಡಿ ತೆರೆಯುವವನಾದರೆ ತಾನೇ ನಿಯಮದಂತೆ ವಿದ್ಯಾರ್ಹತೆಯುಳ್ಳವನಾಗಿರಬೇಕು, ಇಲ್ಲವೆ ಅಂಥ ವಿದ್ಯಾರ್ಹತೆಯುಳ್ಳವನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು. ಗೊಬ್ಬರದ ಚಿಲ್ಲರೆ ಮಾರಾಟದ ಅರ್ಹತೆಯನ್ನು ಬೇರೊಂದು ಆಜ್ಞೆಯು ಗೊತ್ತುಪಡಿಸುವುದು. ಅದರಲ್ಲಿ ಕೃಷಿ ಅಥವಾ ರಸಾಯನಶಾಸ್ತ್ರದ ಪದವಿಯ ಮಾತು ಬರುವುದರಿಂದ, ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿದವನು ತನ್ನ ಅಂಕಪಟ್ಟಿಯನ್ನು ಕೃಷಿ ಇಲಾಖೆಯ ಕಚೇರಿಯಲ್ಲಿ ತೋರಿಸಿ ವಿಚಾರಿಸಿಕೊಳ್ಳತಕ್ಕದ್ದು.

ನಮ್ಮ ಸೀಮೆಯ ಜೀವಶಾಸ್ತ್ರ ಪದವೀಧರನಿಗೆ ಮನೆಯ ಹತ್ತಿರವೇ ಇರುವ ಉದ್ಯೋಗಗಳಲ್ಲಿ ಇದೇ ಮೊದಲನೆಯದೆಂದು ನಮ್ಮ ಮತ. ಗಂಗಾವತಿ, ಕಾರಟಗಿಯಂಥ ಪೇಟೆಗಳಲ್ಲಿ ಔಷಧಿಯ ವ್ಯಾಪಾರವು ಚಿಕ್ಕದಲ್ಲ. ಆದರೆ ಇಲ್ಲಿ ಒಂದು ಕೆಟ್ಟ ಪದ್ಧತಿಗೂ ಅವಕಾಶವುಂಟು. ಹುಡುಗನು ತನ್ನ ಪದವಿಪತ್ರವನ್ನು ಅಂಗಡಿಯವನಿಗೆ ವರುಷಕ್ಕಿಷ್ಟೆಂದು ಬಾಡಿಗೆಗೆ ಕೊಟ್ಟು, ತಾನು ಎಲ್ಲಿಯೋ ಇದ್ದುಬಿಡುವುದು. ಅಂಗಡಿಯಲ್ಲಿ ಮೊದಲಿನವನೇ ಮೊದಲಿನಂತೆಯೇ ಡಬ್ಬಿ ಕೊಡುತ್ತಾನೆ. ಗೋಡೆಯ ಮೇಲೆ ಮಾತ್ರ ಪದವಿಪತ್ರವು ತೂಗುತ್ತದೆ. ನಕಲಿ ಔಷಧಿಯೋ ಅವಧಿ ಮುಗಿದ ಔಷಧಿಯೋ ಮಾರಾಟವಾಗಿ ಮೊಕದ್ದಮೆಯಾದರೆ ಕಾಗದದಲ್ಲಿ ಹೆಸರಿದ್ದವನೂ ಸಿಕ್ಕಿಕೊಳ್ಳುತ್ತಾನೆ. ನಿಮ್ಮ ಮಾತನ್ನು ಕೇಳುವ ಮನೆಗಳಿಗೆ ಗೌಡರು ಇದನ್ನು ಸ್ಪಷ್ಟವಾಗಿ ಹೇಳಬೇಕು. ಪದವಿಯು ಬಾಡಿಗೆಗೆ ಕೊಡುವ ಎತ್ತಲ್ಲ.

ಅಂಗಡಿಯಲ್ಲಿ ನಿಜವಾಗಿ ಕುಳಿತು, ಒಂದು ಕೈಮಸೂರವನ್ನೂ ಒಂದು ಲೋಟ ನೀರನ್ನೂ ಇಟ್ಟುಕೊಂಡು, “ಇದಕ್ಕೆ ಔಷಧಿ ಬೇಡ” ಎಂದು ಹೇಳುವ ಧೈರ್ಯವುಳ್ಳ ಹುಡುಗನಿಗೆ ಮೊದಲ ಹಂಗಾಮಿನಲ್ಲಿ ವ್ಯಾಪಾರ ಕಡಿಮೆಯಾಗಬಹುದು. ಒಕ್ಕಲಿಗನು ಎರಡನೆಯ ಹಂಗಾಮಿಗೆ ತಾನಾಗಿಯೇ ಅವನ ಬಾಗಿಲಿಗೆ ಬರುವನು. ಸಾಲದ ಮೇಲೆ ಔಷಧಿ ಕೊಟ್ಟು ಸುಗ್ಗಿಯಲ್ಲಿ ಭತ್ತವನ್ನೇ ಎತ್ತಿಕೊಳ್ಳುವ ಅಂಗಡಿಗಳ ಎದುರಿಗೆ ನಿಲ್ಲಬೇಕಾದರೆ ಅವನಿಗೆ ಬಂಡವಾಳವು ಬೇಕು. ಇಂಥವನಿಗೆ ನಾಲ್ಕು ಜನ ಜಮೀನುದಾರರು ಕೂಡಿ ಆಸರೆಯಾದರೆ ಅದರ ಲಾಭವು ಅವರ ಗದ್ದೆಗಳಿಗೇ ಬರುವುದು.

ಬೀಜದ ಕೆಲಸ

ಬೀಜದ ವಿಷಯದಲ್ಲಿ ಸಸ್ಯಶಾಸ್ತ್ರಜ್ಞನ ಹಕ್ಕು ಹಳೆಯದು. 1966ರ ಬೀಜ ಕಾಯಿದೆಯ ಕೆಳಗೆ 1968ರಲ್ಲಿ ಮಾಡಿದ ನಿಯಮಗಳಲ್ಲಿ, ಬೀಜದ ಪರೀಕ್ಷಕನಾಗುವವನು ಕೃಷಿ ಅಥವಾ ಸಸ್ಯಶಾಸ್ತ್ರದ ಪದವೀಧರನಾಗಿದ್ದು ಬೀಜತಂತ್ರದಲ್ಲಿ ಮೂರು ವರುಷದ ಅನುಭವವುಳ್ಳವನಾಗಿರಬೇಕು, ಸ್ನಾತಕೋತ್ತರ ಪದವಿಯಿದ್ದರೆ ಒಂದು ವರುಷವು ಸಾಕು, ಎಂದು ಹೇಳಿದೆ. ಬೀಜದ ಇನ್ಸ್‌ಪೆಕ್ಟರನ ಕೆಲಸಕ್ಕಾದರೋ ಕೃಷಿ ಪದವಿಯೇ ಬೇಕು. ಈ ಭೇದವನ್ನು ನೆನಪಿನಲ್ಲಿಡಿರಿ. ಮೂರು ವರುಷದ ಅನುಭವವನ್ನು ಪಡೆಯುವುದು ಎಲ್ಲಿ ಎಂದರೆ, ಬೀಜದ ಕಂಪನಿಗಳ ಪರೀಕ್ಷಾ ಕೋಣೆಗಳಲ್ಲಿ.

ಆ ಕೋಣೆಯ ಕೆಲಸವು ಇಂಥದು. ಭತ್ತದ ಬೀಜದ ರಾಶಿಯಿಂದ ಕ್ರಮವರಿತು ಮಾದರಿ ತೆಗೆದು, ಅದರಿಂದ 400 ಕಾಳುಗಳನ್ನು ನೂರು ನೂರರಂತೆ ನಾಲ್ಕು ಪಾಲು ಮಾಡಿ, ತೇವದ ಕಾಗದದಲ್ಲಿ ಮೊಳೆಯಿಸಿ, 14ನೆಯ ದಿನಕ್ಕೆ ಕೊನೆಯ ಎಣಿಕೆ ಮಾಡುವರು. ಪ್ರಮಾಣಿತ ಬೀಜವೆನಿಸಬೇಕಾದರೆ ನೂರಕ್ಕೆ 80ಕ್ಕೆ ಕಡಿಮೆಯಿಲ್ಲದೆ ಸರಿಯಾದ ಮೊಳಕೆಗಳು ಬರಬೇಕು. ಶುದ್ಧ ಬೀಜವು ನೂರಕ್ಕೆ 98 ಇರಬೇಕು. ತೇವವು 13ನ್ನು ಮೀರಬಾರದು. ಮೊಳಕೆ ಬಂದರೆ ಸಾಲದು. ಬೇರು ಮುರುಟಿದ್ದನ್ನೂ ಎಲೆಯಿಲ್ಲದ್ದನ್ನೂ ಎಣಿಕೆಯಿಂದ ತೆಗೆಯಬೇಕು. ಇದನ್ನು ಕಣ್ಣಿನಿಂದ ಗುರುತಿಸುವುದಕ್ಕೆ ಸಸ್ಯಶಾಸ್ತ್ರದ ಅಭ್ಯಾಸವು ಬೇಕು. ಮನೆಯ ಬೀಜವನ್ನು ಬಿತ್ತುವ ಒಕ್ಕಲಿಗನೂ ನೂರು ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಣಿಸಿ ನೋಡಿದರೆ ಬಿತ್ತನೆಯ ಕಾಲದ ನಷ್ಟವು ಎಷ್ಟೋ ತಪ್ಪುವುದು.

ಕುಷ್ಟಗಿ, ಕೊಪ್ಪಳದ ಕಡೆಗೆ ತರಕಾರಿಯ ಸಂಕರ ಬೀಜಗಳನ್ನು ಬೆಳೆಯಿಸುವ ಉದ್ಯೋಗವುಂಟು. ಟೊಮ್ಯಾಟೊ ಗಿಡದ ಹೂವು ಅರಳುವ ಮುಂಚಿನ ಸಾಯಂಕಾಲ ಅದರ ಗಂಡು ಕೇಸರಗಳನ್ನು ಚಿಮಟದಿಂದ ತೆಗೆದು, ಮರುದಿನ ಬೆಳಿಗ್ಗೆ ಬೇರೆ ಜಾತಿಯ ಪರಾಗವನ್ನು ಹಚ್ಚುವ ಈ ಕೆಲಸವನ್ನು ಹೆಚ್ಚಾಗಿ ಹೆಣ್ಣುಮಕ್ಕಳು ಮಾಡುತ್ತಾರೆ. ಅವರು ಕೂಲಿಯವರಾಗಿಯೇ ಉಳಿದು, ಮೇಲ್ವಿಚಾರಣೆಗೆ ಮಾತ್ರ ಹೊರಗಿನ ಊರಿನ ಹುಡುಗರು ಬರಬೇಕೇ? ಸಸ್ಯಶಾಸ್ತ್ರದ ಪದವಿ ಪಡೆದ ಊರಿನ ಹೆಣ್ಣುಮಗಳು ಈ ಮೇಲ್ವಿಚಾರಣೆಗೆ ತಕ್ಕವಳು. ಕಂಪನಿಯವರು ಹೊಲವನ್ನು ಕೇಳಲು ಜಮೀನುದಾರರ ಬಳಿಗೆ ಬಂದಾಗ, ಒಪ್ಪಂದದ ಮಾತಿನೊಡನೆ ಈ ಮಾತನ್ನೂ ಎತ್ತಬಹುದು.

ಹುಳವನ್ನು ಕೊಲ್ಲುವ ಹುಳ

ಸ್ವಂತ ಉದ್ಯೋಗವನ್ನು ಬಯಸುವವರಿಗೆ ಪರತಂತ್ರಜೀವಿಗಳ ಉತ್ಪಾದನೆಯು ಯೋಗ್ಯವಾದ ದಾರಿ. ಟ್ರೈಕೊಗ್ರಾಮ ಎಂಬುದು ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಒಂದು ಕಣಜ. ಇದು ಬೇರೆ ಪತಂಗಗಳ ತತ್ತಿಗಳೊಳಗೆ ತನ್ನ ತತ್ತಿಯನ್ನಿಡುವುದು. ಕಾಂಡಕೊರಕದ ತತ್ತಿಯಲ್ಲಿ ಇಟ್ಟರೆ ಆ ತತ್ತಿಯಿಂದ ಹುಳವು ಹೊರಡದೆ ಕಣಜವೇ ಹೊರಡುವುದು. ಇದನ್ನು ಬೆಳೆಸುವುದಕ್ಕೆ ಅಕ್ಕಿಪತಂಗವೆಂಬ ಉಗ್ರಾಣದ ಕೀಟವನ್ನು ಮೊದಲು ಸಾಕಬೇಕು. ಒಡೆದ ಜೋಳ ಅಥವಾ ಗೋವಿನಜೋಳದ ನುಚ್ಚನ್ನು ಪೆಟ್ಟಿಗೆಗಳಲ್ಲಿ ಹಾಕಿ ಪತಂಗದ ತತ್ತಿಗಳನ್ನು ಚಿಮುಕಿಸಿದರೆ ಸುಮಾರು ನಲವತ್ತು ದಿನಕ್ಕೆ ಪತಂಗಗಳು ಹೊರಬರುತ್ತವೆ. ಅವು ಇಟ್ಟ ತತ್ತಿಗಳನ್ನು ಜರಡಿ ಹಿಡಿದು, ಒಳಗಿನ ಮರಿ ಹುಟ್ಟದಂತೆ ನೇರಳಾತೀತ ಬೆಳಕಿಗೆ ಒಡ್ಡಿ, ಅಂಟು ಸವರಿದ ಕಾಗದದ ಮೇಲೆ ಹರಡಿ, ಕಣಜಗಳೊಡನೆ ಚೀಲದಲ್ಲಿ ಇಡುವರು. ಮೂರು ನಾಲ್ಕು ದಿನಗಳಲ್ಲಿ ತತ್ತಿಗಳು ಕಪ್ಪಾದರೆ ಕೆಲಸ ಫಲಿಸಿತೆಂದು ತಿಳಿಯಬೇಕು. ಒಂದು ವಾರದ ಸುಮಾರಿಗೆ ಕಣಜಗಳು ಹಾರುತ್ತವೆ. ಆ ಕಾಗದವೇ ಟ್ರೈಕೊ ಕಾರ್ಡು. ಅದನ್ನು ತುಂಡು ಮಾಡಿ, ನಾಟಿಯಾದ ಒಂದು ತಿಂಗಳ ಬಳಿಕ ವಾರಕ್ಕೊಮ್ಮೆಯಂತೆ ಐದಾರು ಬಾರಿ, ಸಂಜೆಯ ಹೊತ್ತಿನಲ್ಲಿ ಎಲೆಯ ಕೆಳಗೆ ಸಿಕ್ಕಿಸಬೇಕು. ಭತ್ತಕ್ಕೆ ಹೊಂದುವ ಜಾತಿಯು ಟ್ರೈಕೊಗ್ರಾಮ ಜಪೋನಿಕಮ್. ಹೆಕ್ಟೇರಿಗೆ ಪ್ರತಿ ಬಾರಿಯೂ ಸುಮಾರು ಒಂದು ಲಕ್ಷ ಕಣಜಗಳು ಬೇಕು. ಕಾರ್ಡು ಕಟ್ಟಿದ ದಿನಗಳಲ್ಲಿ ವಿಷದ ಔಷಧಿಯನ್ನು ಹೊಡೆಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಬೇಕಾದದ್ದು ಎರಡು ಕೋಣೆ, ತಾಳ್ಮೆ, ಶುಚಿತ್ವ. ಪತಂಗದ ರೆಕ್ಕೆಯ ಹುಡಿಯು ಉಸಿರಿಗೆ ಹೋದರೆ ಕೆಮ್ಮು ದಮ್ಮು ಬರುವುದುಂಟು. ಮೂಗಿಗೆ ಬಟ್ಟೆಯನ್ನು ಕಟ್ಟಿಕೊಂಡೇ ಕೆಲಸ ಮಾಡಬೇಕು. ಕಾರ್ಡುಗಳು ಬಹುದಿನ ಉಳಿಯುವ ಸರಕಲ್ಲ. ಆದುದರಿಂದ ಯಾವ ವಾರ ಎಷ್ಟು ಎಕರೆಗೆ ಬೇಕೆಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳದವನು ನಷ್ಟಪಡುವನು. ಇಲ್ಲಿ ಜಮೀನುದಾರರ ಪಾತ್ರವು ದೊಡ್ಡದು. ಒಬ್ಬನ ಎರಡೆಕರೆಗೆ ಕಾರ್ಡು ಕಟ್ಟಿ ಸುತ್ತಲಿನವರು ವಿಷ ಹೊಡೆದರೆ ಕಣಜವೂ ಉಳಿಯದು, ನಂಬಿಕೆಯೂ ಉಳಿಯದು. ಒಂದು ಉಪಕಾಲುವೆಯ ಕೆಳಗಿನವರೆಲ್ಲರೂ ಒಪ್ಪಿ ನಾಟಿಗೆ ಮುಂಚೆಯೇ ಬೇಡಿಕೆ ಕೊಟ್ಟರೆ ಮಾತ್ರ ಈ ಉದ್ಯೋಗವು ನಿಲ್ಲುವುದು. ಟ್ರೈಕೊಡರ್ಮ, ಸೂಡೊಮೊನಾಸ್ ಎಂಬ ಸೂಕ್ಷ್ಮಜೀವಿಗಳ ಪುಡಿಯನ್ನು ತಯಾರಿಸುವುದಾದರೆ ಕಾನೂನಿನಂತೆ ನೋಂದಣಿ ಬೇಕು. ಅದು ಸೂಕ್ಷ್ಮಾಣುಶಾಸ್ತ್ರ ಓದಿ ಪ್ರಯೋಗಶಾಲೆಯಲ್ಲಿ ಪಳಗಿದವರ ಕೆಲಸ. ಈ ವಿಷಯಗಳಲ್ಲಿ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಕೆಳಗೆ ಗಂಗಾವತಿಯಲ್ಲಿಯೇ ಇರುವ ಕೃಷಿ ಸಂಶೋಧನಾ ಕೇಂದ್ರವನ್ನೂ ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಬಹುದು. ಬೆಂಕಿರೋಗವನ್ನು ತಾಳುವ ಗಂಗಾವತಿ ಸೋನಾ ಎಂಬ ಭತ್ತದ ತಳಿಯು ಬಂದದ್ದು ಈ ಸಂಶೋಧನಾ ಕೇಂದ್ರದಿಂದಲೇ.

ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆಯನ್ನು ಬೆಳೆಯುವುದೂ, ಅದಕ್ಕೆ ಬೇಕಾದ ಅಣಬೆ ಬೀಜವನ್ನು ತಯಾರಿಸುವುದೂ ಇದೇ ಬಗೆಯ ಉದ್ಯೋಗ. ಬೆಳೆಯುವುದನ್ನು ಯಾರಾದರೂ ಕಲಿಯಬಹುದು. ಬೀಜ ಮಾಡುವುದಕ್ಕೆ ಮಾತ್ರ ವಿದ್ಯೆ ಬೇಕು, ಲಾಭವೂ ಅದರಲ್ಲಿಯೇ ಹೆಚ್ಚು.

ಸವಳು ನೆಲ, ದಾಳಿಂಬೆ

ಕಾಲುವೆಯ ನೀರು ಹೆಚ್ಚಾಗಿ ಜವಳಾದ ನೆಲವೂ ಸವಳಾದ ನೆಲವೂ ನಮ್ಮಲ್ಲಿ ಬಹಳ. ಉಪ್ಪಿನ ಸವಳು ಒಂದು, ಕ್ಷಾರದ ಕರ್ಲು ಇನ್ನೊಂದು. ಮೊದಲನೆಯದಕ್ಕೆ ಬಸಿಗಾಲುವೆ ಮತ್ತು ಒಳ್ಳೆಯ ನೀರು ಮದ್ದು. ಎರಡನೆಯದಕ್ಕೆ ಜಿಪ್ಸಮ್ ಬೇಕು. ಯಾವುದೆಂದು ಅರಿಯದೆ ಜಿಪ್ಸಮ್ ಸುರಿಯುವುದು ವ್ಯರ್ಥ. ಮಣ್ಣಿನ ಪಿ.ಎಚ್. 8.5ನ್ನು ಮೀರಿದೆಯೇ, ಲವಣಾಂಶವು 4 ಡೆಸಿಸೀಮನ್ಸ್ ಅಳತೆಯನ್ನು ಮೀರಿದೆಯೇ ಎಂಬ ಎರಡು ಲೆಕ್ಕಗಳಿಂದಲೇ ಬಹುಮಟ್ಟಿಗೆ ನಿರ್ಣಯವಾಗುವುದು. ಇವೆರಡನ್ನು ಅಳೆಯುವ ಉಪಕರಣಗಳು ಕೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಊರೂರು ತಿರುಗಿ ಮಣ್ಣು ನೀರುಗಳನ್ನು ಪರೀಕ್ಷಿಸಿ ಶುಲ್ಕ ಪಡೆಯುವ ಪದವೀಧರನಿಗೆ ಬದುಕು ಸಾಗದೆ ಇರದು.

ಕುಷ್ಟಗಿ ಯಲಬುರ್ಗಾ ಕಡೆಯ ದಾಳಿಂಬೆಯ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ದುಂಡಾಣು ಅಂಗಮಾರಿಯಿಂದ ತೋಟಗಳನ್ನೇ ಕಿತ್ತವರು ಅದನ್ನು ಮರೆತಿಲ್ಲ. ಎಣ್ಣೆ ಸವರಿದಂಥ ಚುಕ್ಕೆ, ಹಣ್ಣಿನ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಸೀಳುವ ಬಿರುಕು ಇದರ ಗುರುತು. ರೋಗವು ಅನೇಕ ವೇಳೆ ಬರುವುದು ಸಸಿಯೊಡನೆ. ರೋಗವಿಲ್ಲದ ತಾಯಿಗಿಡವನ್ನು ಆರಿಸಿ, ಕತ್ತರಿಯನ್ನು ಗಿಡಗಿಡಕ್ಕೂ ತೊಳೆದು ಸಸಿ ಮಾಡುವ ನಂಬಿಗಸ್ತ ಸಸ್ಯಪಾಲನೆಯೊಂದು ಈ ಎರಡು ತಾಲ್ಲೂಕುಗಳಲ್ಲಿ ಎಷ್ಟು ಜನರ ಹಣವನ್ನು ಉಳಿಸಬಹುದೆಂದು ಜಮೀನುದಾರರೇ ಲೆಕ್ಕ ಹಾಕಲಿ. ಸೊಲ್ಲಾಪುರದಲ್ಲಿ 2005ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವು ನಮಗೆ ಬಹು ದೂರದ್ದೂ ಅಲ್ಲ. ರೇಷ್ಮೆಯ ಕಡೆಗೆ ಮನಸ್ಸುಳ್ಳ ಪದವೀಧರರಿಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯುಂಟು.

ಸರಕಾರಿ ಹುದ್ದೆಗಳು

ಸರಕಾರಿ ಕೆಲಸದ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಹೆಚ್ಚಾಗಿಯೇ ಇರುವುದರಿಂದ ಸಂಕ್ಷೇಪವಾಗಿ ಹೇಳುವೆವು. ಎರಡು ವರುಷದ ಬಿ.ಎಡ್. ಮುಗಿಸಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಹಿರಿಯ ಪ್ರಾಥಮಿಕ ಶಾಲೆಯ ಪದವೀಧರ ಶಿಕ್ಷಕರ ಹುದ್ದೆಗೆ ಪ್ರಯತ್ನಿಸಬಹುದು. ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರ ಹುದ್ದೆಗೂ ಬಿ.ಎಡ್. ಬೇಕು. ಪದವಿಪೂರ್ವ ಕಾಲೇಜಿಗೆ ಎಂ.ಎಸ್‌ಸಿ. ಬೇಕು. ಪದವಿ ಕಾಲೇಜಿಗೆ ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ. ಆಹಾರ ಸುರಕ್ಷತಾಧಿಕಾರಿಯ ಹುದ್ದೆಗೆ ಜೈವಿಕ ತಂತ್ರಜ್ಞಾನ, ಜೀವರಸಾಯನಶಾಸ್ತ್ರ, ಸೂಕ್ಷ್ಮಾಣುಶಾಸ್ತ್ರದ ಪದವಿಗಳು ಸಲ್ಲುತ್ತವೆ. ಬರಿಯ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳು ಸಲ್ಲವು. ಕಾಲೇಜಿಗೆ ಸೇರುವಾಗಲೇ ವಿಷಯಗಳನ್ನು ನೋಡಿ ಆರಿಸಬೇಕೆಂಬುದಕ್ಕೆ ಇದೊಂದು ನಿದರ್ಶನ. ಆಸ್ಪತ್ರೆಯ ರಕ್ತಪರೀಕ್ಷೆಯ ಕೆಲಸಕ್ಕೂ, ಮನುಷ್ಯರ ಔಷಧಿಯ ಅಂಗಡಿಗೂ ಬೇರೆ ವೃತ್ತಿಶಿಕ್ಷಣಗಳುಂಟು. ಈ ಪದವಿಯಿಂದಲೇ ಅವು ದೊರೆಯುವುವೆಂದು ಯಾರಾದರೂ ಹಣ ಕೇಳಿದರೆ ನಂಬಬಾರದು.

ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕುಳಿತುಕೊಳ್ಳುವುದಕ್ಕೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಓದಿದವರು ಅರ್ಹರು. ಇದು ಕಠಿನವಾದ ದಾರಿ. ಆದರೆ ನಮ್ಮ ಮಕ್ಕಳಿಗೆ ಮುಚ್ಚಿದ ದಾರಿಯಲ್ಲ. ತುಂಗಭದ್ರೆಯ ದಂಡೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರು ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಟ್ಟದ್ದೂ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೊಂದು ಧಾಮವಾದದ್ದೂ ಓದುಗರಿಗೆ ತಿಳಿದಿರಬಹುದು. ಕುರಿಗಾರರ ಹಟ್ಟಿಗೂ ತೋಳಕ್ಕೂ ನಡುವೆ ನಿಂತು ಇಬ್ಬರ ಲೆಕ್ಕವನ್ನೂ ಬಲ್ಲವರು ಅಲ್ಲಿಗೆ ಬೇಕು. ಪ್ರಾಣಿಶಾಸ್ತ್ರ ಓದಿದ ಸ್ಥಳೀಯ ಹುಡುಗನಿಗಿಂತ ಹೆಚ್ಚಿನ ಯೋಗ್ಯತೆಯವನನ್ನು ಇದಕ್ಕೆ ಎಲ್ಲಿಂದ ತರುವುದು?

ಗ್ರಾಮದ ಮುಖಂಡರಿಗೆ ನೇರವಾಗಿ ಸಂಬಂಧಪಟ್ಟ ಕೆಲಸವೊಂದುಂಟು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇರತಕ್ಕದ್ದು. ಊರಿನ ಗಿಡಮರ, ಪ್ರಾಣಿಪಕ್ಷಿ, ನಾಟಿ ತಳಿ, ನಾಟಿ ಔಷಧಗಳ ದಾಖಲೆಯನ್ನು ಅದು ಇಡತಕ್ಕದ್ದು. ಈ ದಾಖಲೆಯನ್ನು ಕಚೇರಿಯಲ್ಲಿ ಕುಳಿತು ತುಂಬಿದರೆ ಎಲ್ಲ ಊರುಗಳಿಗೂ ಒಂದೇ ಪಟ್ಟಿಯಾಗುವುದು. ಊರಿನ ಪದವೀಧರನನ್ನೋ ಪದವೀಧರೆಯನ್ನೋ ಗೌರವಧನ ಕೊಟ್ಟು ಹಿರಿಯರ ಬಳಿಗೂ ಹೊಲಹಳ್ಳಗಳಿಗೂ ಕಳಿಸಿ ಬರೆಸಿರಿ. ಗಳಿಕೆಯು ಚಿಕ್ಕದಾದರೂ ಮುಂದಿನ ಓದಿಗೂ ಸಂದರ್ಶನಕ್ಕೂ ಇಂಥ ಕೆಲಸದ ಅನುಭವವು ಬೆಲೆಯುಳ್ಳದ್ದು.

ಮುಂದೆ ಓದುವವರಿಗೆ ಬಳ್ಳಾರಿ, ಧಾರವಾಡ, ಕಲಬುರಗಿಗಳಲ್ಲಿ ಎಂ.ಎಸ್‌ಸಿ. ವ್ಯಾಸಂಗಕ್ಕೆ ಅನುಕೂಲವಿದೆ. ಸ್ವಂತ ಉದ್ಯೋಗಕ್ಕೆ ಬಂಡವಾಳ ಬೇಕಾದವರು 2002ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳ ಯೋಜನೆಯನ್ನು ವಿಚಾರಿಸಬೇಕು. ಇದರಲ್ಲಿ ಮೊದಲು ತರಬೇತಿ, ಬಳಿಕ ಬ್ಯಾಂಕಿನ ಸಾಲ. ಬರಿಯ ಜೀವಶಾಸ್ತ್ರದ ಪದವಿಗೆ ಇದರಲ್ಲಿ ಪ್ರವೇಶವಿಲ್ಲ. ಆ ಪದವಿಯ ಮೇಲೆ ಕೃಷಿಸಂಬಂಧವಾದ ಸ್ನಾತಕೋತ್ತರ ಪದವಿಯನ್ನೋ, ನೂರಕ್ಕೆ 60ಕ್ಕಿಂತ ಹೆಚ್ಚು ಪಾಲು ಕೃಷಿಯ ಪಾಠಗಳುಳ್ಳ ಡಿಪ್ಲೊಮಾವನ್ನೋ ಪಡೆದವರಿಗೆ ಉಂಟು. ಈ ಡಿಪ್ಲೊಮಾದ ಮಾತನ್ನು ಬಹುಜನ ಅರಿಯರು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಅನುಕೂಲವಿದೆ. ಸಂವಿಧಾನಕ್ಕೆ 2012ರಲ್ಲಿ ಆದ 98ನೆಯ ತಿದ್ದುಪಡಿಯಿಂದ 371-ಜೆ ವಿಧಿಯು ಬಂದು, ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಇಲ್ಲಿಯ ಹುದ್ದೆಗಳಲ್ಲಿಯೂ ಕಾಲೇಜಿನ ಸ್ಥಾನಗಳಲ್ಲಿಯೂ ಮೀಸಲು ದೊರೆಯಿತು. ಇದಕ್ಕೆ ಸ್ಥಳೀಯ ವ್ಯಕ್ತಿಯೆಂಬ ಅರ್ಹತಾ ಪತ್ರವು ಬೇಕು. ಅರ್ಜಿಯ ಕೊನೆಯ ದಿನ ಬಂದ ಮೇಲೆ ತಾಲ್ಲೂಕು ಕಚೇರಿಗೆ ಓಡುವುದಕ್ಕಿಂತ, ಮಗುವು ಪದವಿಯ ಕೊನೆಯ ವರುಷದಲ್ಲಿರುವಾಗಲೇ ಶಾಲೆಯ ದಾಖಲೆಗಳನ್ನೂ ವಾಸದ ದಾಖಲೆಗಳನ್ನೂ ಕೂಡಿಸಿ ಈ ಪತ್ರವನ್ನು ಮಾಡಿಸಿಕೊಂಡಿರತಕ್ಕದ್ದು. ಹೆಸರಿನ ಅಕ್ಷರಗಳು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಹಣಿಯಲ್ಲಿ ಇನ್ನೊಂದು ಬಗೆಯಾಗಿದ್ದರೆ ಅದನ್ನು ತಿದ್ದಿಸುವುದಕ್ಕೇ ತಿಂಗಳುಗಳು ಹಿಡಿಯುವುದುಂಟು. ಮೊದಲು ಅದನ್ನು ನೋಡಿಕೊಳ್ಳಿರಿ.